ಹಳೇ ಖಣಿಯ ಹೆಪ್ಪು

ಭಂಕೂರ ದಾಟಿದ ಮೇಲೆ ಡಾಂಬರು ರಸ್ತೆ ಬಿಟ್ಟು ಕಲ್ಲುಹಾದಿ ಹಿಡಿದರೆ ಹಳೇ ಖಣಿ ಸಿಗುತ್ತದೆ. ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ತೆಗೆದು, ತಳದಲ್ಲಿ ನೀರು ಹತ್ತಿದ ಮೇಲೆ ಜನ ಕೈಬಿಟ್ಟ ಜಾಗ ಅದು. ಸುತ್ತಲೂ ಒಡೆದ ಕಲ್ಲಿನ ದಿಬ್ಬ, ಜಾಲಿಗಿಡ, ನಡುವೆ ಹಸಿರು ನೀರಿನ ಹೊಂಡ. ಅದರ ದಂಡೆಯ ಜಾಗವನ್ನು ಯಾರೋ ಪ್ಲಾಟು ಹಾಕಿ ಮಾರಿದರು. ಕೊಂಡವರೆಲ್ಲ ಮೂಲೆಗೊಂದು ಕಲ್ಲು ನೆಟ್ಟು ತಮ್ಮ ತಮ್ಮ ಊರಿಗೆ ಹೋದರು. ಮನೆ ಕಟ್ಟಿಕೊಂಡು ಬಂದವರು ನಾವು ಮಾತ್ರ. ನಾನು, ನಮ್ಮವರು ಶಾಂತಕುಮಾರ, ಅತ್ತೆ ಶರಣಬಸಮ್ಮ, ಆಗಷ್ಟೇ ಶಾಲೆಗೆ ಹೋಗಲು ಶುರು ಮಾಡಿದ್ದ ಮಗಳು ದೇವಿಕಾ.

ಶಹಾಬಾದಿನ ಆಟೋದವರಿಗೆ ಹಳೇ ಖಣಿ ಎಂದರೆ ನಗು.

"ಅಲ್ಲಿ ಯಾರ ಇರ್ತಾರಕ್ಕಾ? ನವಿಲು ಇರ್ತಾವ."

"ನವಿಲಿನ ಬಾಜೂ ಮನೀನೇ ನಮ್ದು. ನಡಿ," ಎಂದು ನಾನೂ ಹತ್ತಿ ಕೂಡುತ್ತಿದ್ದೆ.

ನನಗೆ ಆ ಜಾಗ ಹಿಡಿಸಿದ್ದಕ್ಕೆ ಕಾರಣ ದೇವಿಕಾ. ಶಹಾಬಾದಿನಲ್ಲಿ ನಾವು ಮೇಲಂತಸ್ತಿನ ಬಾಡಿಗೆ ಖೋಲಿಯಲ್ಲಿದ್ದೆವು. ಮಗು ಓಡಿದರೆ ಸಾಕು, ಕೆಳಗಿನವರು ಕೋಲಿನಿಂದ ಛತ್ತು ಬಡಿಯುತ್ತಿದ್ದರು. ಆ ಬಡಿತ ಕೇಳಿ ಕೇಳಿ ಅದು ತುದಿಗಾಲಿನಲ್ಲಿ ನಡೆಯುವುದನ್ನು ಕಲಿತುಬಿಟ್ಟಿತ್ತು. ಖಣಿಗೆ ಬಂದ ಮೇಲೂ ಎಷ್ಟೋ ದಿನ ಅಂಗಳದಲ್ಲೂ ತುದಿಗಾಲೇ. ಒಂದು ದಿನ ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನಿಂದ ದಬದಬ ಸದ್ದು ಕೇಳಿತು. ತಿರುಗಿ ನೋಡಿದರೆ ಇವಳು, ಇಡೀ ಪಾದ ಊರಿ ಓಡುತ್ತಿದ್ದಾಳೆ. ಮತ್ತೆ ಆ ಖೋಲಿಗೆ ಇವಳನ್ನು ಕರೆದುಕೊಂಡು ಹೋಗಬಾರದು ಎಂದು ಅವತ್ತೇ ಮನಸ್ಸಿನಲ್ಲಿ ಅಂದುಕೊಂಡೆ.

ಆದರೆ ನಮ್ಮವರ ಚಿಂತೆ ಬೇರೆ. ಅವರಿಗೆ ಫರಸಿ ಪಾಲಿಶ್ ಮಾಡುವಲ್ಲಿ ಕೆಲಸ. ವಾರ ಬಿಟ್ಟು ವಾರ ರಾತ್ರಿ ಪಾಳಿ.

"ನಾ ಅಲ್ಲಿ ಕೆಲಸ ಮಾಡಿದ್ರೂ ಜೀವ ಇಲ್ಲೇ ಇರ್ತದ," ಎಂದರು. "ನಿಮಗ ಏನರೆ ಆದ್ರ ಕೂಗಿದ್ರೂ ಕೇಳೋರಿಲ್ಲ. ದೀಪಾವಳಿತನ ನೋಡ್ತೀನಿ. ಅಷ್ಟರಾಗ ಬಾಜೂಕ ಒಂದು ಮನಿ ಬರಲಿಲ್ಲಂದ್ರ ವಾಪಸ್ ಶಹಾಬಾದಿಗಿ."

ಅವರ ಮಾತೂ ಸುಳ್ಳಲ್ಲ. ನಾನು ಜಾಗ ಪಳಗಿಸತೊಡಗಿದೆ. ಮಧ್ಯಾಹ್ನ ಅಡುಗೆ ಮುಗಿದ ಮೇಲೆ ದೇವಿಕಾಳ ಕೈ ಹಿಡಿದು ದಿಬ್ಬಗಳ ನಡುವೆ ತಿರುಗುತ್ತಿದ್ದೆ. ನೀರಿಗೆ ಇಳಿಯಲು ಯಾವ ಕಡೆ ಮೆಟ್ಟಿಲಿನಂಥ ಕಲ್ಲಿದೆ, ಎಲ್ಲಿ ಹಾವು ಬಿಸಿಲು ಕಾಯಿಸಿಕೊಳ್ಳುತ್ತದೆ, ಯಾವ ಜಾಲಿಯ ನೆರಳು ಸಂಜೆತನಕ ಇರುತ್ತದೆ, ಒಂದೊಂದೇ ತಿಳಿಯಿತು. ಮೂಲೆ ಮೂಲೆಗೂ ಅವಳು ಹೆಸರಿಟ್ಟಳು. ಕೂಗಿದರೆ ತಿರುಗಿ ಕೂಗುವ ಆಚೆ ದಂಡೆಗೆ 'ಮಾತಾಡೋ ಗ್ವಾಡಿ' ಎಂದಳು. ಒಡೆದ ಫರಸಿಗಳನ್ನು ಆರಿಸಿ ತಂದು ನಾವಿಬ್ಬರೂ ಕಲ್ಲುಹಾದಿಯತನಕ ಒಂದು ಕಾಲುದಾರಿ ಹಾಸಿದೆವು.

ಕಲ್ಲುಚೂರಿನಲ್ಲಿ ಏನೂ ಬೆಳೆಯುವುದಿಲ್ಲ ಎಂದು ನಾನು ಕೈಚೆಲ್ಲಿದಾಗ ಅತ್ತೆ ಬಂದು ದಿಬ್ಬದ ಬುಡ ತೋರಿಸಿದರು. "ಖಣಿ ತೋಡೋವಾಗ ಮೊದಲು ಮ್ಯಾಲಿನ ಎರಿಮಣ್ಣು ತೆಗದು ಹಾಕ್ತಾರ. ಕಲ್ಲು ಆಮ್ಯಾಲ ಬೀಳ್ತದ. ನಿಮ್ಮ ಮಾವ ಇಲ್ಲೇ ಕಲ್ಲು ಒಡದೋರು. ಬುಡದಾಗ ಕೆದರು." ಕೆದರಿದರೆ ಕಪ್ಪು ಮಣ್ಣು, ಇನ್ನೂ ತಂಪು. ಅದರಲ್ಲಿ ಪುಂಡಿ, ಮೆಂತ್ಯ ಹಾಕಿದೆವು. ಎಲ್ಲ ಬಂತು. ನೆರೆಮನೆ ಮಾತ್ರ ಬರಲಿಲ್ಲ.

ದಸರೆ ಮುಗಿದ ಮೇಲೆ ಒಂದು ಗೂಡ್ಸ್ ಆಟೋ ಟ್ರಂಕು, ಹಾಸಿಗೆ ಹೇರಿಕೊಂಡು ಬಂತು. ಹಿಂದೆ ಒಬ್ಬ ಹೆಣ್ಣುಮಗಳು ಎಮ್ಮೆ ಹೊಡೆದುಕೊಂಡು ಬಂದಳು. ಗಂಡ ಬಂದೇನವಾಜ್, ಗಾಡಿ ಅವನದೇ. ಹೆಂಡತಿ ಇಮಾಮ್‌ಬೀ. ವಾಡಿಯ ಗಲ್ಲಿಯಲ್ಲಿ ಎಮ್ಮೆ ಕಟ್ಟಲು ಜಾಗವಿಲ್ಲದೆ, ಎಂದೋ ಕೊಂಡಿಟ್ಟಿದ್ದ ಪ್ಲಾಟು ನೋಡಲು ಬಂದಿದ್ದರು. ಕೆಲವು ದಿನ ಇದ್ದು ನೋಡುವುದು, ಹಿಡಿಸಿದರೆ ಮನೆ ಕಟ್ಟುವುದು ಎಂದು ಅವರ ಲೆಕ್ಕ. ಫರಸಿಗಳನ್ನು ನಿಲ್ಲಿಸಿ ಮೇಲೆ ತಗಡು ಹಾಕಿ ಒಂದು ಗುಡಿಸಲು ಮಾಡಿಕೊಂಡರು. ಎಮ್ಮೆಯಂತೂ ಖಣಿಯ ನೀರಿಗೆ ಇಳಿದು ಮೂಗಷ್ಟೇ ಮೇಲೆ ಬಿಟ್ಟು ನಿಂತಿತು.

"ಇದಕ್ಕ ಮನಸ್ಸು ಬಂದಂಗಾಯ್ತು. ಇನ್ನ ಉಳಿದವರ ಮನಸ್ಸು ನೋಡಬೇಕು," ಎಂದರು ನಮ್ಮವರು. ಅವರ ಮುಖದಲ್ಲಿ ನಗು ಕಂಡು ನನಗೆ ಅರ್ಧ ಜೀವ ಬಂತು.

ಅವರು ಬಂದ ಮರುದಿನ ಸಂಜೆ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ದೇವರ ಜಗಲಿಗೆ ದೀಪ ಹಚ್ಚಿ, ಕಣ್ಣು ಮುಚ್ಚಿ ವಿಭೂತಿ ಧರಿಸುತ್ತಿದ್ದರು. ಬಾಗಿಲಲ್ಲಿ ಇಮಾಮ್‌ಬೀ ದನಿ ಕೇಳಿತು.

"ಅವ್ವಾರ, ಒಂಚೂರು ಹೆಪ್ಪು ಇದ್ರ ಕೊಡ್ರಿ. ಬರೋವಾಗ ಗಾಡ್ಯಾಗ ನಮ್ಮ ಮಸರಿನ ಗಡಗಿ ಉಳ್ಳಿ ಎಲ್ಲಾ ಚೆಲ್ಲಿಬಿಟ್ಟದ."

ಅತ್ತೆ ತಿರುಗಲಿಲ್ಲ. "ಈಗ ಕೊಡಂಗಿಲ್ಲವ್ವ," ಎಂದರು. ಅಷ್ಟೇ.

ರೊಟ್ಟಿ ಹಂಚಿಗೆ ಹಾಕಿ, ಕೈಯ ಹಿಟ್ಟು ಒರೆಸಿಕೊಂಡು ನಾನು ಹೊರಗೆ ಬರುವಷ್ಟರಲ್ಲಿ ಇಮಾಮ್‌ಬೀ ದಾರಿಯ ಅರ್ಧ ದಾಟಿದ್ದಳು. ಕೈಯಲ್ಲಿನ ಬಟ್ಟಲು ಸೆರಗಿನೊಳಗೆ ಹೋಗಿತ್ತು.

ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಹೊಸ್ತಿಲು ದಾಟಿಸುವುದಿಲ್ಲ. ದಾಟಿಸಿದರೆ ಮನೆಯ ಹೈನು ಹೋಗುತ್ತದೆ ಎಂದು ಹಿರಿಯರ ನಂಬಿಕೆ. ಆಡಕಿ ಊರಿನಲ್ಲಿ ಹುಟ್ಟಿ ಬೆಳೆದ ಅತ್ತೆಗೆ ಅದು ಬಿಡಿಸಿ ಹೇಳುವ ಮಾತೇ ಅಲ್ಲ. ಅಲ್ಲಿ ದೀಪ ಹಚ್ಚಿದ ಮೇಲೆ ಕೇಳಲು ಯಾರೂ ಬರುವುದೂ ಇಲ್ಲ.

ಬೆಳಗ್ಗೆ ಎದ್ದವಳೇ ಹೆಪ್ಪು ತೆಗೆದುಕೊಂಡು ನಾನೇ ಹೋದೆ. ಬಂದೇನವಾಜ್ ಟ್ರಂಕನ್ನು ಗಾಡಿಗೆ ಏರಿಸಿ ಹಗ್ಗ ಬಿಗಿಯುತ್ತಿದ್ದ. ನಾನು ಇಮಾಮ್‌ಬೀ ಕಡೆ ಬಟ್ಟಲು ಚಾಚಿದೆ.

"ಯಾಕ ತಕಲೀಫ್ ತಗೊಂಡ್ರಿ ಅಕ್ಕಾ, ಬ್ಯಾಡ್ರಿ," ಎಂದಳು ಇಮಾಮ್‌ಬೀ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನಿನ್ನೆ ನೀವೇ ಕೇಳಿದ್ರಲ್ಲ?"

"ನನ್ನ ಶಾದ್ಯಾಗ ಅಮ್ಮಿ ಹೆಪ್ಪು ಹಾಕಿ ಗಡಗಿ ಕೊಟ್ಟಿದ್ಳು. ಅದೇ ಹೆಪ್ಪು ಇಲ್ಲೀತನ ನಡಕೋತ ಬಂದಿತ್ತು. ಯಾರ ಬಾಗಲಿಗೂ ಕೇಳ್ಕೋತ ಹೋದವಳಲ್ಲ ನಾ. ನಿನ್ನೆ ಮೊದಲ ಸಲ ಹೋದೆ." ಅವಳು ಕಸಬರಿಗೆ ಎತ್ತಿಕೊಂಡಳು. "ಹೋಗಬಾರದಿತ್ತು."

"ಹಂಗಲ್ರೀ. ದೀಪ ಹಚ್ಚಿದ ಮ್ಯಾಲ ನಮ್ಮಲ್ಲಿ ಯಾರಿಗೂ ಕೊಡಲ್ಲ."

"ಹೌದೇನ್ರಿ?" ಎಂದು ನಕ್ಕಳು. ನಂಬಿದ ನಗು ಅಲ್ಲ ಅದು. "ಒಬ್ಬೊಬ್ಬರ ಮನ್ಯಾಗ ಒಂದೊಂದು ಕಾರಣ ಇರ್ತಾವ, ಬಿಡ್ರಿ."

ಬಂದೇನವಾಜ್ ನನ್ನ ಕಡೆ ನೋಡದೆ ಹೇಳಿದ, "ವಾಡ್ಯಾಗ ನಮ್ಮ ಚಾಚಾ ಒಂದು ಖೋಲಿ ಅದ ಅಂದಾರ. ಇವತ್ತ ಗಾಡಿದೊಂದು ಸಣ್ಣ ಬಾಡಿಗಿ ಅದ, ಟ್ರಂಕು ಮ್ಯಾಲಿದ್ರೂ ನಡೀತದ, ಮುಗಿಸಿ ಬಂದು ನಾಳೆ ಮುಂಜಾನಿ ಹೊಂಡ್ತೀವ್ರಿ."

ಎಮ್ಮೆ ಮಾತ್ರ ನೀರಿನಲ್ಲಿ ನೆಮ್ಮದಿಯಾಗಿ ನಿಂತಿತ್ತು. ಅದಕ್ಕೆ ಯಾರೂ ಏನೂ ಹೇಳಿರಲಿಲ್ಲ.

ಮನೆಗೆ ಬಂದಾಗ ಅತ್ತೆ ತೊಗರಿ ಕೇರುತ್ತಿದ್ದರು. "ಯಾಕ ಮಾರಿ ಸಣ್ಣದು ಮಾಡ್ಕೊಂಡು ಬಂದಿ?"

ಎಲ್ಲ ಹೇಳಿದೆ. ಅಮ್ಮಿಯ ಹೆಪ್ಪಿನ ಮಾತನ್ನೂ ಹೇಳಿದೆ. "ನಾವು ಜಾತಿ ನೋಡಿ ಕೊಡಲಿಲ್ಲಂತ ತಿಳದಾಳ ಆಕಿ."

ಅತ್ತೆಯ ಕೈಯ ಮೊರ ನಿಂತಿತು. "ಹುಚ್ಚಿ ಇದ್ದಾಳೇನು? ನನ್ನ ಖಾಸ ತಂಗಿ ಬಂದಿದ್ರೂ ಕೊಡ್ತಿದ್ದಿಲ್ಲ!"

"ಅದು ಆಕಿಗಿ ಹ್ಯಾಂಗ ಗೊತ್ತಾಗಬೇಕು ಅತ್ತಿ? ನೀವು ಹೇಳೇ ಇಲ್ಲ."

"ಇದನ್ನೂ ಹೇಳ್ತಾರೇನು? ಸಂಜಿಗಿ ಹೊತ್ತು ಮುಣಗತದಂತ ಹೇಳ್ತಾರೇನು?" ಎಂದು ರೇಗಿದರು. ಮತ್ತೆ ಕೇರತೊಡಗಿದರು. ಕೇರುತ್ತ ಕೇರುತ್ತ ದನಿ ಇಳಿಯಿತು. "ಅವರವ್ವ ಕೊಟ್ಟಿದ್ದಂತೇನು, ಹೆಪ್ಪು?"

"ಹೂಂ."

"ಈಗರೆ ಹೋಗಿ ಒಂದು ಮಾತು ಹೇಳ್ರಿ, ಅತ್ತಿ," ಎಂದು ನಾನೇ ಸೇರಿಸಿದೆ.

"ಮಾತು ನೀ ಹೇಳಿ ಬಂದಿ. ನಂಬಿದಳೇನು?" ಎಂದರು. "ಸಂಜಿಗಿ ನೋಡ್ತೀನಿ."

ಸಂಜೆಗೆ ನೋಡುವುದೇನು, ದೀಪ ಹಚ್ಚಿದರೆ ಮತ್ತೆ ಅದೇ ಕತೆ ಎಂದು ನನಗೆ ತಳಮಳ. ಅತ್ತೆಯೋ ಅವತ್ತು ಬೇಕೆಂದೇ ಹೊತ್ತಿಗೆ ಮುಂಚೆ ದೀಪ ಹಚ್ಚಿದರು. ಹಚ್ಚಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಕೋಲು ಹಿಡಿದು ಫರಸಿ ದಾರಿಗೆ ಇಳಿದೇಬಿಟ್ಟರು. ಹಿಂದೆ ನಾನು, ನನ್ನ ಹಿಂದೆ ದೇವಿಕಾ.

"ಇಮಾಮ್‌ಬೀ, ಎಮ್ಮಿ ಹಿಂಡಿದೇನು?"

ಇಮಾಮ್‌ಬೀ ಗಾಬರಿಯಿಂದ ಎದ್ದು ನಿಂತಳು. "ಹಿಂಡೀನ್ರಿ ಅವ್ವಾರ."

"ಕಾಸಿದೇನು?"

"ಈಗೇ ಕಾಸಿ ಇಳಿಸೀನ್ರಿ. ಯಾಕ್ರಿ?"

"ಆ ಹಾಲು ನಿನ್ನ ಮಸರಿನ ಗಡಗ್ಯಾಗ ಹಾಕ್ಕೊಂಡು ನನ್ನ ಹಿಂದ ಬಾ. ನಾ ದೀಪ ಹಚ್ಚೀನಿ, ಇನ್ನ ನನ್ನ ಹೆಪ್ಪು ಹೊಸ್ತಿಲ ದಾಟಂಗಿಲ್ಲ. ನನ್ನ ಹಡದವ್ವ ಎದ್ದು ಬಂದು ಕೇಳಿದ್ರೂ ದಾಟಂಗಿಲ್ಲ. ಆದ್ರ ನಿನ್ನ ಹಾಲಿಗಿ ಬರಬ್ಯಾಡ ಅಂತ ಯಾರಂದಾರ? ಅದೇ ಬರಲಿ."

ಇಮಾಮ್‌ಬೀ ಗಂಡನ ಮುಖ ನೋಡಿದಳು. ಅವನು ತಲೆ ಕೆರೆದುಕೊಂಡು, "ಮುಂಜಾನಿ ಲಗೂ ಹೊಂಡೋದದ ಅವ್ವಾರ," ಎಂದ.

"ಹೋಗ್ರಿ. ನಾ ಏನು ಕಟ್ಟಿ ಹಾಕೀನೇನು? ಮಸರು ಆಗ್ಲಿಕ್ಕಿ ಒಂದು ರಾತ್ರಿ ಬೇಕೋ ಬ್ಯಾಡೋ? ಅದು ಆದ ಮ್ಯಾಲ ತಗೊಂಡು ಎಲ್ಲಿ ಬೇಕಾದಲ್ಲಿ ಹೋಗ್ರಿ. ಅವ್ವ ಕೊಟ್ಟ ಗಡಗಿ ಖಾಲಿ ಒಯ್ಯಬಾರದು."

ಆ ಕೊನೆಯ ಮಾತಿಗೆ ಇಮಾಮ್‌ಬೀ ಹಾಲನ್ನು ಗಡಿಗೆಗೆ ಸುರಿದು ಎತ್ತಿಕೊಂಡಳು.

ನಮ್ಮ ಮನೆಯ ಪಡಸಾಲೆಗೆ ಬಂದು ನಿಂತುಬಿಟ್ಟಳು. "ಅಲ್ಲ್ಯಾಕ ನಿಂತಿ?" ಎಂದು ಒಳಗಿನಿಂದ ಅತ್ತೆ ಕೂಗಿದರು. "ಹೆಪ್ಪು ಒಲಿ ಬಾಜೂ ಅದ. ಒಳಗ ಬಾ." ಸ್ನಾನ ಮಾಡದೆ ನನ್ನನ್ನೇ ಬಿಡದ ಅಡುಗೆಮನೆ ಅದು. ಇಮಾಮ್‌ಬೀ ನನ್ನ ಕಡೆ ನೋಡಿದಳು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಅತ್ತೆ ಅವಳ ಗಡಿಗೆಯಲ್ಲಿ ಕಿರುಬೆರಳು ಅದ್ದಿ ತೆಗೆದರು. "ಬಿಸಿ ಭಾಳ ಅದ. ಈಗ ಹಾಕಿದ್ರ ಒಡೀತದ. ಕುಂದ್ರು, ಆರಲಿ."

ಹಾಲು ಆರುವತನಕ ಕೂಡಲೇಬೇಕಾಯಿತು. ಕೂತವರು ಸುಮ್ಮನಿರಲು ಆಗುತ್ತದೆಯೇ? ದೇವಿಕಾ ಎಮ್ಮೆಯ ಹೆಸರು ಕೇಳಿದಳು. ಸಿತಾರಾ ಎಂದಳು ಇಮಾಮ್‌ಬೀ. "ಕರೀ ಎಮ್ಮಿಗಿ ಚಿಕ್ಕಿ ಹೆಸರೇನು!" ಎಂದು ಅತ್ತೆ ನಕ್ಕರು. "ಹಣಿ ಮ್ಯಾಲ ಬಿಳಿ ಮಚ್ಚಿ ಅದಲ್ರಿ ಅವ್ವಾರ, ನೋಡಿಲ್ಲೇನ್ರಿ?" "ಎಲ್ಲಿ ನೋಡಲಿ, ನೀರು ಬಿಟ್ಟು ಮ್ಯಾಲ ಬಂದ್ರಲ್ಲ!" ನಾನು ಬಿಸಿರೊಟ್ಟಿಯ ಮೇಲೆ ಪುಂಡಿಪಲ್ಲೆ ಹಾಕಿಕೊಟ್ಟೆ. ಕಲ್ಲಿನಲ್ಲಿ ಪುಂಡಿ ಹೇಗೆ ಬಂತು ಎಂದು ಅವಳು ಕೇಳಿದಳು. ದಿಬ್ಬದ ಬುಡದ ಮಣ್ಣಿನ ಕತೆ ಹೇಳಿದೆ. ಅವಳ ಪ್ಲಾಟಿನ ಹಿಂದೆಯೂ ಅಂಥದೇ ದಿಬ್ಬವಿತ್ತು. ಅದನ್ನು ಅವಳೇ ನೆನಪಿಸಿಕೊಂಡು ಹೇಳಿದಳು.

ಹಾಲು ಉಗುರುಬೆಚ್ಚಗಾದಾಗ ಅತ್ತೆ ಹೆಪ್ಪಿನ ಬಟ್ಟಲನ್ನು ಅವಳ ಕೈಗೆ ಕೊಟ್ಟರು. "ನೀನೇ ಹಾಕು. ನಿನ್ನ ಕೈ ಹಾಲಿಗಿ ಗುರುತಿರ್ತದ." ಅವಳು ಬಿಸ್ಮಿಲ್ಲಾ ಎಂದು ಹಾಕಿದಳು. ಅತ್ತೆ ನಮ್ಮದೂ ಅವಳದೂ ಎರಡೂ ಗಡಿಗೆಗಳನ್ನು ಜೋಡಿಸಿಟ್ಟು, ಹಳೇ ಕೌದಿಯ ತುಂಡೊಂದನ್ನು ಎರಡಕ್ಕೂ ಕೂಡಿಸಿ ಹೊದಿಸಿದರು.

ಬೆಳಗ್ಗೆ ನಾನು ಅಂಗಳ ಗುಡಿಸುವಾಗಲೇ ಇಮಾಮ್‌ಬೀ ಬಂದಳು. ಕೌದಿ ಸರಿಸಿ ಗಡಿಗೆ ವಾಲಿಸಿ ನೋಡಿದಳು. ಮೊಸರು ಅಲುಗಲಿಲ್ಲ. ಅತ್ತೆ ಅದರಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡು, "ನಮ್ಮದಕಿಂತ ಛಲೋ ಆಗ್ಯಾದ. ಎಮ್ಮಿ ಹಾಲಲ್ಲಾ, ಸೊಕ್ಕು ಇರ್ತದ," ಎಂದು ಹೊಟ್ಟೆಕಿಚ್ಚು ಪಟ್ಟವರಂತೆ ಮಾಡಿದರು. ಇಮಾಮ್‌ಬೀ ನಗಲು ಹೋಗಿ ಕಣ್ಣು ಒರೆಸಿಕೊಂಡಳು. "ದಿನಾ ಒಂದು ಗಿಲಾಸ ಹಾಲು ತರ್ತೀನ್ರಿ ಅವ್ವಾರ. ದೀಪ ಹಚ್ಚೋದಕ್ಕಿಂತ ಮೊದಲು."

ಗುಡಿಸಲ ಕಡೆಯಿಂದ ಬಂದೇನವಾಜ್ ಕೂಗಿದ, "ಏನಂತಿ? ಹೊಂಡೋದಾ?"

"ಟ್ರಂಕು ಇಳಸ್ರಿ!" ಎಂದು ಇವಳು ತಿರುಗಿ ಕೂಗಿದಳು. ಮಾತಾಡೋ ಗೋಡೆಯೂ ಅದನ್ನೇ ಹೇಳಿತು.

ದೀಪಾವಳಿಗೆ ಮುಂಚೆ ಅವರ ಮನೆಗೆ ಪಾಯ ಹಾಕಿದರು. ಗುಡಿಸಲ ಪಕ್ಕದಲ್ಲಿ ಅವರದೂ ಪುಂಡಿ ಚಿಗುರಿತು. ನಮ್ಮವರು ಶಹಾಬಾದಿನ ಖೋಲಿಯ ಮಾತು ಎತ್ತಲಿಲ್ಲ, ನಾನೂ ಕೆದಕಲಿಲ್ಲ.

ಒಂದು ಸಂಜೆ ಬೆಕ್ಕು ನಮ್ಮ ಮೊಸರಿನ ಗಡಿಗೆ ಉರುಳಿಸಿತು. ಅತ್ತೆ ಬೆಕ್ಕಿಗೆ ಬಯ್ಯುತ್ತ ಬಟ್ಟಲು ಹಿಡಿದು ಸರಸರ ಇಮಾಮ್‌ಬೀ ಕಡೆ ಹೋದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ರಾತ್ರಿ ಪಾಳಿಗೆ ಹೊರಟ ನಮ್ಮವರೂ ತಮ್ಮ ಬೈಕಿನ ಪಕ್ಕ ನಿಂತರು.

ಗುಡಿಸಲ ಮುಂದೆ ಕಂದೀಲು ಉರಿಯುತ್ತಿತ್ತು. ಇಮಾಮ್‌ಬೀ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಅವ್ವಾರ, ನಾ ದೀಪ ಹಚ್ಚೀನ್ರಿ."

ಅತ್ತೆ ಕಂದೀಲನ್ನೊಮ್ಮೆ, ಕೈಯ ಬಟ್ಟಲನ್ನೊಮ್ಮೆ ನೋಡಿದರು.

"ಹಾಲು ತಗೊಂಡು ಬರ್ರಿ. ಬಿಸಿ ಇದ್ರ ಆರೋತನ ಕುಂದರಬೇಕಾಗ್ತದ ನೋಡ್ರಿ, ಮೊದಲೇ ಹೇಳ್ತೀನಿ."

"ಎಲ್ಲಾ ಕಲಿಸಿದವಳು ನಾನೇ!" ಎಂದು ಬಯ್ಯುತ್ತ ಅತ್ತೆ ವಾಪಸು ಬಂದರು. ಬಾಯಿ ಬಯ್ಯುತ್ತಿದ್ದರೂ ಮುಖವೆಲ್ಲ ನಗು. ಹಾಲಿನ ಪಾತ್ರೆ ಎತ್ತಿಕೊಂಡು ಮತ್ತೆ ಹೊರಟರು.

ನಮ್ಮವರು ಗಾಡಿ ಚಾಲೂ ಮಾಡಿದರು. "ಬಾಗಲಾ ಹಾಕ್ಕೋ ಅಂತ ದಿನಾ ಹೇಳೋದು ಇವತ್ತ ಮರತಿದ್ದೆ," ಎಂದರು. ಆಮೇಲೆ ಅತ್ತ ನೋಡಿ, "ಇರಲಿ ಬಿಡು. ಅವ್ವ ಬರೋದು ತಡ ಆಗ್ತದ," ಎಂದು ನಗುತ್ತ ಹೋದರು.

"ಆಯಿ, ನಾನೂ ಬರ್ತೀನಿ!" ಎನ್ನುತ್ತ ದೇವಿಕಾ ಅಜ್ಜಿಯ ಹಿಂದೆ ಓಡಿದಳು. ನಾವು ಹಾಸಿದ ಫರಸಿಗಳ ಮೇಲೆ ಅವಳ ಪಾದಗಳು ದಬದಬ ಸದ್ದು ಮಾಡಿದವು. ಆ ಸದ್ದು ಖಣಿಯ ಆಚೆ ದಂಡೆಗೆ ಹೋಗಿ ತಿರುಗಿ ಬಂತು.