ಮೈನೋದ್ದೀನ ಬಿಡದ ಫೋನು

ಫಯಾಜನ ಗುದ್ದು ಮೂಗಿನ ಮೇಲೇ ಬಿತ್ತು. ಅರವತ್ತು ದಾಟಿದ ವೀರಪ್ಪ ಘೋಡಗೇರಿಯ ಖಬರಸ್ತಾನದ ಹಸಿ ಮಣ್ಣಿನಲ್ಲಿ ಅಂಗಾತ ಬಿದ್ದ.

ನಡೆದದ್ದು ಇಷ್ಟೇ. ಅಪ್ಪ ಮೈನೋದ್ದೀನನ ಹೆಣವನ್ನು ಗೋರಿಗಿಳಿಸುವ ಮೊದಲು, ಮಗನಾದವನು ಕೇಳಬೇಕಾದದ್ದನ್ನು ಫಯಾಜ ಕೇಳಿದ: "ನಮ್ಮಪ್ಪನಿಂದ ಯಾರಿಗರೆ ನೋವಾಗಿದ್ರ ಮಾಫ್ ಮಾಡ್ರಿ." ಎಲ್ಲರೂ "ಮಾಫ್ ಐತಿ" ಎಂದರು. ಕಲ್ಲೋಳಿಯಿಂದ ಬಂದಿದ್ದ ವೀರಪ್ಪ ಮಾತ್ರ, "ನಾ ಮಾಫ್ ಮಾಡಾಂಗಿಲ್ಲ" ಎಂದ. ಅಷ್ಟು ಸಾಕಾಯಿತು.

"ನಮ್ಮಪ್ಪಗ ದೇಶದ್ರೋಹಿ ಅಂದ ಬಾಯಿ ಇದ," ಎಂದು ಫಯಾಜ ಪಕ್ಕೆಗೆ ಒದ್ದ. "ಆ ಮಾತಿಗೇ ಸಾಲ್ಯಾಗ ನನ್ನ ತಲಿ ಒಡದ್ರು."

ಕಾಕಾ ಶಮಶೇರ ಅವನ ರಟ್ಟೆ ಹಿಡಿದೆಳೆದ. "ಮಯ್ಯತ್ ಮುಂದ ಇಟಗೊಂಡು ಇದೇನೋ? ಮೊದಲ ಪೂರಾ ಕೇಳು."

ವೀರಪ್ಪ ರಕ್ತ ಉಗುಳಿ ಎದ್ದು ಕೂತ. "ಮಾಫ್ ನಾ ಮಾಡೂದಲ್ಲೋ ತಮ್ಮಾ. ಕೇಳಾಕ ಬಂದೇನಿ."

*

ವೀರಪ್ಪ ಹೇಳಿದ್ದು ಇದು: ಇಪ್ಪತ್ತೈದು ವರ್ಷದ ಹಿಂದೆ ಅವನೂ ಮೈನೋದ್ದೀನನೂ ಗಡಿಯ ರಾಡಾರ್ ಠಾಣೆಯೊಂದರಲ್ಲಿದ್ದರು. ಒಂದು ಮಧ್ಯಾಹ್ನ ಪರದೆಯ ಮೇಲೆ ಮೂರು ಚುಕ್ಕಿ ಕಾಣಿಸಿದವು. ಕ್ಷಿಪಣಿ ಬಂತೆಂದು ಫೋನು ಮಾಡಿದರೆ ಈ ಕಡೆಯಿಂದ ಅಣುಬಾಂಬು ಹೊರಡುತ್ತಿತ್ತು.

"ಮೂರೂ ಒಂದ ಅಳತಿ ಮ್ಯಾಲ ಬರಾಕತ್ತಾವು, ಗಾಳಿಗೂ ಅಲಗಾಡವಲ್ವು. ಮಿಷಿನ್ ಕೆಟ್ಟೈತಿ. ತಡಿ," ಎಂದ ಮೈನೋದ್ದೀನ.

"ತಡದ್ರ ಮಂದಿ ಸುಟ್ಟ ಬೂದಿ ಆಗ್ತಾರಲೇ. ಫೋನ್ ಕೊಡು," ಎಂದ ವೀರಪ್ಪ.

ಕೊಡಲಿಲ್ಲ. ವೀರಪ್ಪ ಬಂದೂಕಿನ ಹಿಡಿಯಿಂದ ಕುಟ್ಟಿದ. ಮೊದಲ ಏಟಿಗೆ ನಾಲ್ಕು ಬೆರಳು ಮುರಿದವು, ಎರಡನೆಯದಕ್ಕೆ ದವಡೆ. ಮೈನೋದ್ದೀನ ಫೋನನ್ನು ಎದೆಗೆ ಅವಚಿಕೊಂಡು ಬೋರಲು ಬಿದ್ದುಕೊಂಡ. ಏಟುಗಳು ಬೆನ್ನಿಗೆ ಬೀಳುತ್ತಲೇ ಇದ್ದವು. ಎಂಟನೆಯ ನಿಮಿಷಕ್ಕೆ ಚುಕ್ಕಿಗಳು ತಾವಾಗಿಯೇ ಅಳಿಸಿಹೋದವು.

ವಿಚಾರಣೆಯಲ್ಲಿ ವೀರಪ್ಪ ತನ್ನ ಚರ್ಮ ಉಳಿಸಿಕೊಳ್ಳಲು, "ಅಂವ ಆ ಕಡೀ ಮನಶ್ಯಾ" ಎಂದ. ರಜೆಗೆ ಬಂದಾಗ ಸಂತೆಯಲ್ಲೂ ಅದನ್ನೇ ಆಡಿದ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಇದು ಎಲ್ಲಿ ಹೋಯಿತು, ಊರೂರು ಸುತ್ತಿತು. ಕೆಲಸ ಕಳೆದುಕೊಂಡ ಮೈನೋದ್ದೀನ ಗುಟ್ಟು ಬಿಡೆನೆಂದು ಬರೆದುಕೊಟ್ಟಿದ್ದ. ಪುಣ್ಯಾತ್ಮ, ಹುಕ್ಕೇರಿಯಲ್ಲಿ ಸೊಟ್ಟ ಬೆರಳಿನಿಂದ ಪಂಪ್‌ಸೆಟ್ಟಿನ ಮೋಟಾರು ಸುತ್ತುತ್ತಲೇ ಸತ್ತ, ಹೆಂಡತಿಯೆದುರೂ ಬಾಯಿ ಬಿಡಲಿಲ್ಲ.

*

"ಈಗ ಅಂವ ಇಲ್ಲ," ಎಂದ ವೀರಪ್ಪ. "ನೀನರೆ ಮಾಫ್ ಮಾಡು. ಮಣ್ಣು ಮುಚ್ಚೂದ್ರಾಗ."

ಫಯಾಜ ಸಲಿಕೆ ಎತ್ತಿದ. ಈ ಸಲ ಶಮಶೇರನೂ ತಡೆಯಲಿಲ್ಲ. ವೀರಪ್ಪ ತಲೆ ತಗ್ಗಿಸಿ ಕೂತೇ ಇದ್ದ. ಫಯಾಜ ಸಲಿಕೆಯನ್ನು ಪಕ್ಕದ ಮಣ್ಣಿಗೆ ಚುಚ್ಚಿದ.

"ಮಾಫ್ ಅನ್ನೂ ಮಾತು ನನ್ನ ಬಾಯಾಗ ಬರವಲ್ದು," ಎಂದವನೇ ಗೋರಿಯೊಳಗೆ ಇಳಿದು ಕೈ ಚಾಚಿದ. "ಕಾಲಿನ ಕಡೆ ನೀವು ಹಿಡೀರಿ. ಸಾವಕಾಶ."

ವೀರಪ್ಪ ಬಗ್ಗಿ ಹೆಣ ಇಳಿಸುವಾಗ ಅವನ ಮೂಗಿನ ರಕ್ತ ಫಯಾಜನ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕಿತು. ಫಯಾಜನ ಎರಡೂ ಕೈಯಲ್ಲಿ ಅಪ್ಪ ಇದ್ದ; ಅವನು ಒರೆಸಿಕೊಳ್ಳಲಿಲ್ಲ.