ಹೂಜಿಯ ಟಾನಿಕ್ಕು

"ಭಡವಾ, ಆ ಹೂಜಿ ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲೋ ನಿಂಗೆ? ತೆಗಿ ಕೈನ! ತೆಗಿಯೋ ಮುಂಡೇಗಂಡ!"

ಪ್ರೊಫೆಸರ್ ಸುಂದರೇಶಯ್ಯನವರು ಹೀಗೆ ಮಂತ್ರಪುಷ್ಪ ಹಾಕುವಾಗ ನನ್ನ ಎಡಗೈಯಲ್ಲಿ ನಮ್ಮ ಕೇರಿಯ ಹೆಂಗಸರ ರಕ್ತ ತುಂಬಿದ ಗಾಜಿನ ನಳಿಗೆಗಳ ಸ್ಟ್ಯಾಂಡಿತ್ತು. ಶ್ರೀರಾಂಪುರದ ಕೇರಿಯಿಂದ ಚಾಮರಾಜಪುರಂನ ಕಾಲೇಜಿನವರೆಗೆ ಒಂದೂ ಒಡೆಯದಂತೆ ಸೈಕಲ್ ತುಳಿದಿದ್ದೆ. ಗಂಟಲು ಒಣಗಿತ್ತು, ಬಲಗೈ ತಾನಾಗಿ ಜಗಲಿಯ ಹೂಜಿಯ ಕಡೆ ಹೋಗಿತ್ತು. ಅವರು ರಕ್ತವನ್ನು ಮಾತ್ರ ನನ್ನ ಕೈಯಿಂದಲೇ ತೆಗೆದುಕೊಂಡು, ಬೆಳಕಿಗೆ ಹಿಡಿದು, "ಭೇಷ್" ಎಂದರು. ಕೇರಿಯ ರಕ್ತಕ್ಕೆ ಮೈಲಿಗೆಯಿಲ್ಲ, ಮೈಲಿಗೆ ಏನಿದ್ದರೂ ನೀರಿಗೆ. ನಾನು ಹಿತ್ತಲ ನಲ್ಲಿಗೆ ಹೋಗಿ ಕುಡಿದು ಬಂದೆ.

ಹಾಗಂತ ನನ್ನನ್ನು ಸಾಮಾನ್ಯನೆಂದುಕೊಳ್ಳಬೇಡಿ. ನಮ್ಮದು ಪಾಠ ಹೇಳಿ, ಪರೀಕ್ಷೆ ಮಾಡಿ, ಮನೆಗೆ ಕಳಿಸುವ ಸಣ್ಣ ಕಾಲೇಜು. ಅಂಥದಕ್ಕೆ ಐವತ್ತೆಂಟನೇ ಇಸವಿಯಲ್ಲಿ ದಿಲ್ಲಿಯಿಂದ ರಿಸರ್ಚ್ ಸ್ಕೀಮು ಬಂತು. ರಕ್ತ ಕಡಿಮೆಯಿರುವ ಬಸುರಿಯರಿಗೆ ಒಂದು ಹೊಸ ಟಾನಿಕ್ಕು ನಾಟುತ್ತದೋ ಇಲ್ಲವೋ ನೋಡುವುದು. ಸ್ಕೀಮಿನ ಮೇಲೆ ಹೆಸರು ಸುಂದರೇಶಯ್ಯನವರದು, ಅದನ್ನು ನಡೆಸುತ್ತಿದ್ದವನು ಅಟೆಂಡರು ಚೆಲುವರಾಜು, ಅಂದರೆ ನಾನು. ಬೀಗದ ಕೈ ನನ್ನದು, ಬಸುರಿಯರನ್ನು ಹುಡುಕಿ ಒಪ್ಪಿಸುವುದು ನನ್ನದು, ಸೀಸೆ ತೊಳೆಯುವುದು ನನ್ನದು, ಪೊರಕೆಯೂ ನನ್ನದೇ. ಒಂದು ಖಾಕಿ ಕೋಟು ಕೊಟ್ಟಿದ್ದರು. ಅದರ ತೋಳು ನನ್ನ ಮೊಣಕೈ ದಾಟಿದ್ದೇ ಸುಸ್ತಾಗಿ ನಿಂತುಬಿಡುತ್ತಿತ್ತು. ಅದನ್ನು ಹಾಕಿಕೊಂಡು ಕೇರಿಗೆ ಹೋದರೆ ನಾಯಿಗಳೆಲ್ಲ ಬೊಗಳುತ್ತಿದ್ದವು. ಅದನ್ನೂ ನಾನು ಮರ್ಯಾದೆಯ ಲೆಕ್ಕಕ್ಕೇ ಹಾಕಿಕೊಂಡಿದ್ದೆ.

ಮೊದಲ ಸಲ ಸೀಸೆ ಹಂಚುವ ದಿನ ಮಾರಿಗುಡಿ ಕಟ್ಟೆ ಹತ್ತಿ ಭಾಷಣ ಬಿಗಿದೆ.

"ಕೆಂಪು ಚೀಟಿ ಸೀಸೆ ಬಂದೋರು ಕೆಂಪೇ ಕುಡೀಬೇಕು, ನೀಲಿ ಬಂದೋರು ನೀಲಿ. ಯಾಕೆ ಅಂತ ಕೇಳ್ಬ್ಯಾಡಿ. ಸೈನ್ಸು!"

ಯಾಕೆ ಅಂತ ನನಗೂ ಗೊತ್ತಿರಲಿಲ್ಲ. ಎರಡೂ ಔಷಧಿಯೇ, ಕಂಪನಿ ಬೇರೆ ಬೇರೆ ಇರಬೇಕು ಅಂದುಕೊಂಡಿದ್ದೆ. ನನ್ನ ಹೆಂಡತಿ ಪುಟ್ಟತಾಯಿಗೆ ನೀಲಿ ಚೀಟಿಯದು ಬಂತು. ನಮ್ಮ ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈಗ ಮತ್ತೆ ಬಸುರಿ. ಕೊಡ ಎತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಮೈಯಲ್ಲಿ ರಕ್ತವಿಲ್ಲ, ಹೆರಿಗೆಯಲ್ಲಿ ತಾಯಿ ಉಳಿಯುವುದೂ ಕಷ್ಟ ಎಂದು ಸೂಲಗಿತ್ತಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ನನಗೆ ಜೀವ ಬಾಯಿಗೆ ಬಂದಿತ್ತು. ಸ್ಕೀಮು ಬಂದಾಗ ದೇವರೇ ಬಂದನೆಂದು ಕುಣಿದಾಡಿದ್ದೆ.

ನಮ್ಮ ಕೇರಿಯಲ್ಲಿ ಒಂದು ಪದ್ಧತಿ. ಹೊರಗಿನಿಂದ ಏನೇ ಬರಲಿ, ಬಾಡಾಗಲಿ ಹಬ್ಬದ ಅನ್ನವಾಗಲಿ, ಎಲ್ಲ ಒಂದೇ ಕಡೆ ಸುರಿಯಬೇಕು, ಹಿರಿಯಳಾದ ಕೆಂಚಮ್ಮ ಪಾಲು ಮಾಡಬೇಕು. ಅಲ್ಲಿ ನಿಂತವನು ಪರಊರಿನವನಾದರೂ ಅವನಿಗೂ ಒಂದು ಪಾಲು. ಕೊನೆಯ ಪಾಲು ಮುಗಿಯುವವರೆಗೆ ಯಾರೂ ಎದ್ದು ಹೋಗುವಂತಿಲ್ಲ. ನಾನು ಭಾಷಣ ಮುಗಿಸಿ ಕಟ್ಟೆ ಇಳಿಯುವಷ್ಟರಲ್ಲಿ ಕೆಂಪು, ನೀಲಿ ಎಲ್ಲವೂ ಕೆಂಚಮ್ಮನ ಮಡಕೆ ಸೇರಿದ್ದವು.

"ಏನ್ಲಾ ಚೆಲ್ವ, ನೀನೂ ನಿಂತಿದ್ದೀಯಲ್ಲ. ಬಾಯ್ ತಗಿ," ಎಂದು ಕರಟದ ಸೌಟಿನಲ್ಲಿ ನನಗೂ ಒಸಿ ಹುಯ್ದಳು.

ಹುಟ್ಟಿದಾಗಿನಿಂದ ನೋಡಿದ್ದು, ತಪ್ಪೆಂದು ಹೊಳೆಯಲೇ ಇಲ್ಲ. ತುಟಿ ಒರೆಸಿಕೊಂಡು ಸೈಕಲ್ ಹತ್ತಿದೆ. ಆಮೇಲೆ ಪ್ರತಿ ವಾರವೂ ಹೀಗೇ ನಡೆಯಿತು.

ಪುಟ್ಟತಾಯಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಸುಂದರೇಶಯ್ಯನವರು ನನ್ನನ್ನು ಕರೆಸಿದರು.

"ಎಲ್ಲರ ರಕ್ತಾನೂ ಒಂದೇ ತೋರಿಸ್ತಿದೆಯಲ್ಲೋ! ಸೀಸೆ ಅದಲು ಬದಲು ಮಾಡಿದ್ಯೇನೋ?"

"ಎಲ್ಲಾದ್ರೂ ಉಂಟಾ ಸ್ವಾಮಿ! ನಮ್ ಕೆಂಚತ್ತೆ ಎಲ್ಲಾನೂ ಒಂದೇ ಮಡ್ಕೆಗೆ ಹುಯ್ದು, ಒಂದು ತೊಟ್ಟು ಹೆಚ್ಚುಕಮ್ಮಿ ಇಲ್ದಂಗೆ ಹಂಚ್ತಾಳೆ," ಎಂದು ಹಲ್ಲುಕಿರಿದು ನಿಂತೆ. ಈಗ ಇನ್ನೊಂದು 'ಭೇಷ್' ಬೀಳುತ್ತದೆ ಎಂದು ಕಾದೆ.

ಅವರು ತಲೆಯ ಮೇಲೆ ಕೈ ಹೊತ್ತು ಕೂತರು. "ಹಾಳಾಗ್ಹೋಯ್ತು! ನೀಲಿ ಚೀಟೀದು ಬರೀ ಬಣ್ಣದ ಸಕ್ಕರೆ ನೀರು ಕಣೋ, ದನಾ! ಔಷಧಿ ಕುಡಿದೋರಿಗೂ ಕುಡೀದೇ ಇರೋರಿಗೂ ಏನು ವ್ಯತ್ಯಾಸ ಅಂತ ನೋಡೋಕೆ ಇಟ್ಟಿದ್ದು. ನಿಮ್ಮ ಮುಂಡೇವು ಅದನ್ನೂ ಹಂಚ್ಕೊಂಡು ಕುಡಿದ್ವಾ!"

ನನ್ನ ಹಲ್ಲು ಕಿರಿದಲ್ಲೇ ಉಳಿಯಿತು.

"ನಮ್ಮೋಳ್ದು ನೀಲಿ, ಸ್ವಾಮಿ."

"ಅದಕ್ಕೆ?"

"ಅವ್ಳಿಗೊಂದು ಕೆಂಪು ಕೊಟ್ಬುಡಿ, ನಿಮ್ ಕಾಲಿಗೆ ಬೀಳ್ತೀನಿ. ಮೊದ್ಲೇ ಒಂದು ಕೂಸು ಹೋಗ್ಬುಟ್ಟದೆ."

"ಕೇಳಿದೋರಿಗೆಲ್ಲ ಕೆಂಪು ಕೊಟ್ರೆ ಅದು ಸಂತರ್ಪಣೆ ಆಗುತ್ತೆ, ರಿಸರ್ಚ್ ಆಗಲ್ಲ. ನಾಳೆ ಬೆಂಗಳೂರಿಂದ ಡಾಕ್ಟರು ತಪಾಸಣೆಗೆ ಬರ್ತಾರೆ. ಹೆಂಗಸರನ್ನ ಇಲ್ಲಿಗೇ ಕರ್ಕೊಂಡು ಬಾ. ಅವರವರ ಸೀಸೆ ಅವರವರೇ ಕುಡೀಬೇಕು, ಡಾಕ್ಟರ ಕಣ್ಣೆದುರಿಗೆ. ಮಡಕೆ ಗಿಡಕೆ ಅಂತ ಬಾಯಿ ಬಿಟ್ಟೆಯೋ, ಕೋಟು ಬಿಚ್ಚಿಟ್ಟು ನಡಿ."

ಹಿತ್ತಲಿಗೆ ಹೋಗಿ, ಯಾರಿಗೂ ಕೇಳಿಸದ ಹಾಗೆ ನಲ್ಲಿ ಬಿಟ್ಟುಕೊಂಡು ಅತ್ತೆ. ಸ್ಕೀಮು ನಡೆಸುವ ಮಹಾಶಯ ಹೆಂಡತಿಗೆಂದು ವಾರ ವಾರ ಹೊತ್ತುಕೊಂಡು ಹೋಗಿದ್ದು ಸಕ್ಕರೆ ನೀರು. ಅವಳ ಹೊಟ್ಟೆಗೆ ಅರ್ಧವಾದರೂ ಔಷಧಿ ಬಿದ್ದಿದ್ದರೆ ಅದು ಕೆಂಚಮ್ಮನ ಮಡಕೆಯಿಂದ.

ಮರುದಿನ ಕಾಲೇಜಿನ ಅಂಗಳದಲ್ಲಿ ಹೆಂಗಸರನ್ನು ಎರಡು ಸಾಲಾಗಿ ನಿಲ್ಲಿಸಿದೆ. ಪುಟ್ಟತಾಯಿಯನ್ನು ನೋಡಿಕೊಳ್ಳಲು ಕೆಂಚಮ್ಮನೂ ಬಂದಿದ್ದಳು. ಬೆಂಗಳೂರಿನ ಡಾಕ್ಟರು ಕುರ್ಚಿಯಲ್ಲಿ ಕೂತು, "ಪರವಾಗಿಲ್ಲ, ಶಿಸ್ತಿದೆ," ಎಂದರು. ಸುಂದರೇಶಯ್ಯನವರು ಹಿಗ್ಗಿದರು. ನೀಲಿ ಸಾಲಿನ ಕೊನೆಯಲ್ಲಿದ್ದ ಪುಟ್ಟತಾಯಿ ಬಿಸಿಲಿಗೆ ತೂರಾಡಿ ಜಗಲಿಯ ಕಂಬ ಹಿಡಿದುಕೊಂಡಳು.

"ಏಯ್, ಕಂಬಕ್ಕೆ ಮೈ ತಾಗಿಸಬೇಡ! ಈಗ ತಾನೆ ಸುಣ್ಣ ಹೊಡೆಸಿದೆ. ದೂರ ನಿಲ್ಲು!" ಎಂದು ಸುಂದರೇಶಯ್ಯನವರು ಗದರಿದರು.

ಅವಳು ಕೈ ಬಿಟ್ಟಳು. ಮುಖದಲ್ಲಿ ರಕ್ತವೆಂಬುದೇ ಇರಲಿಲ್ಲ.

ನನಗೆ ಧೈರ್ಯ ಬಂತೆಂದು ಹೇಳಿದರೆ ಸುಳ್ಳಾದೀತು. ಆದರೂ ಜಗಲಿ ಹತ್ತಿ ಹೂಜಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡೆ. ನೀರನ್ನು ಗುಲಾಬಿ ಗಿಡಕ್ಕೆ ಸುರಿದೆ. ಹಂಚಲು ಜೋಡಿಸಿಟ್ಟಿದ್ದ ನೀಲಿ ಸೀಸೆಗಳನ್ನು ಮೋರಿಗೆ ಬಗ್ಗಿಸಿದೆ. ಕೆಂಪು ಸೀಸೆಗಳನ್ನು ಒಂದೊಂದಾಗಿ ಹೂಜಿಗೆ ಹುಯ್ದೆ.

"ಬೋಳೀಮಗನೆ! ಏನೋ ಮಾಡ್ತಿದ್ದೀಯಾ?"

"ರಿಸರ್ಚು, ಸ್ವಾಮಿ," ಎಂದೆ. ಆಮೇಲೆ ಕೆಂಚಮ್ಮನ ಕಡೆ ತಿರುಗಿದೆ. "ನೀಲೀದು ಬರೀ ಸಕ್ಕರೆ ನೀರು ಕಣತ್ತೆ. ಔಷ್ದಿ ಇದ್ರಲ್ಲದೆ. ಹಂಚು."

ಕೆಂಚಮ್ಮ ಯಾರ ಮುಖವನ್ನೂ ನೋಡಲಿಲ್ಲ. ಅಂಗಳದ ನಡುವೆ ಕುಕ್ಕರುಗಾಲಿನಲ್ಲಿ ಕೂತು, ಹೂಜಿಯ ಮೇಲೆ ಮುಚ್ಚುತ್ತಿದ್ದ ಪ್ರೊಫೆಸರರ ಬೆಳ್ಳಿ ಲೋಟ ಕೈಗೆತ್ತಿಕೊಂಡಳು. ಮೊದಲ ಗುಟುಕು ಪುಟ್ಟತಾಯಿಗೆ ಕುಡಿಸಿ, "ಕುಡಿ ಮಗ, ಇವತ್ತಿಂದು ಸಾಚಾ ಮಾಲು. ಮಿಕ್ಕಿದ್ದ ಕೇರಿಗೆ ಒಯ್ಯಾವ," ಎಂದಳು. ಹೆಂಗಸರೆಲ್ಲ ಸಾಲಾಗಿ ಅಲ್ಲೇ ಕೂತರು, ಲೋಟ ಎಲ್ಲರಿಗೂ ಬಂತು. ಬೆಂಗಳೂರಿನ ಡಾಕ್ಟರು ಸುಂದರೇಶಯ್ಯನವರನ್ನು ನೋಡಿದರು, ಹೂಜಿಯನ್ನು ನೋಡಿದರು, ಕೊನೆಗೆ ಎದ್ದು ಬಂದು ತಮ್ಮ ಪಾಲಿನ ಗುಟುಕನ್ನು ಮೇಲೆತ್ತಿ ಕುಡಿದರು. ಕಹಿಗೆ ಮುಖ ಹಿಂಡಿದರು.

ನಾನು ಕೋಟು ಬಿಚ್ಚಿ ಮಡಿಸಿ ಜಗಲಿಯ ಮೇಲಿಟ್ಟೆ. ಆಗಲೂ ಮಡಿಸಿದ್ದು ಸರಿಯಾಗಿದೆಯೇ ಅಂತ ಎರಡು ಸಲ ನೋಡಿದೆ, ಅಟೆಂಡರ ಬುದ್ಧಿ ಎಲ್ಲಿ ಹೋಗುತ್ತದೆ! ಪುಟ್ಟತಾಯಿ ಸುಣ್ಣದ ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದಳು.

ಕೆಂಚಮ್ಮ ಮತ್ತೆ ಲೋಟಕ್ಕೆ ಬಗ್ಗಿಸಿಕೊಂಡು ಸುಂದರೇಶಯ್ಯನವರ ಮುಂದೆ ಹಿಡಿದಳು.

"ಬುದ್ಧೇರೂ ನಿಂತಿದ್ದೀರಲ್ಲ. ತಕ್ಕಳಿ, ನಿಮ್ ಪಾಲು."

ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು. "ಹೊರಗ್ಹಾಕೋ ಇವರನ್ನೆಲ್ಲ!" ಎಂದು ಕಿರುಚಿದರು. ಹೊರಗೆ ಹಾಕುವ ಅಟೆಂಡರು ನಾನೇ. ನಾನು ಹೋಗಿ ಹೆಂಗಸರ ಸಾಲಿನಲ್ಲಿ ಕೂತೆ.

ಕೆಂಚಮ್ಮ ಲೋಟ ಹಿಂದಕ್ಕೆ ತೆಗೆಯಲಿಲ್ಲ. ಪಾಲು ಮುಗಿಯದೆ ಯಾರೂ ಏಳುವಂತಿಲ್ಲ. ಬಿಸಿಲು ನೆತ್ತಿಗೆ ಬಂತು. ನಾವು ಕೂತೇ ಇದ್ದೆವು.