ತೆರೆಯ ಮೇಲಿನ ಸೂತಕ

ಮದ್ದೂರಿನ ಸಂತೆಮಾಳದಲ್ಲಿ ಸಿನಿಮಾ ಟೆಂಟು ನಿಂತಿದ್ದ ಆ ಬೇಸಿಗೆಯನ್ನು ನೆನೆದರೆ ಶಿವನಂಜಮ್ಮನ ಮೂಗಿಗೆ ಇಂದಿಗೂ ನೀರು ಚಿಮುಕಿಸಿದ ಮರಳಿನ ವಾಸನೆ ಬರುತ್ತದೆ, ಹಿಂದೆಯೇ ಹುರಿದ ಕಡಲೆಕಾಯಿಯದು. ದೀಪ ಹಚ್ಚುವ ಹೊತ್ತಿಗೆ ಟೆಂಟಿನ ಮೈಕಿನಲ್ಲಿ ಪ್ಲೇಟು ಹಾಡತೊಡಗುತ್ತಿತ್ತು. ಬೆಸಗರಹಳ್ಳಿಯ ಗಾಡಿಗಳು ಹುಣಸೆಮರದ ಕೆಳಗೆ ಸಾಲಾಗಿ ನಿಲ್ಲುತ್ತಿದ್ದವು. ಅವುಗಳಲ್ಲೊಂದು ಅವಳ ಅತ್ತೆ ರೇವಮ್ಮನ ತಮ್ಮ ಅಂಕಯ್ಯನದು.

ರೇವಮ್ಮನ ಒಬ್ಬನೇ ಮಗ, ಶಿವನಂಜಮ್ಮನ ಗಂಡ ಸಿದ್ದರಾಮು, ಬರ್ಮಾದ ಯುದ್ಧದಲ್ಲಿ ಸತ್ತನೆಂದು ಹಿಂದಿನ ವರ್ಷವೇ ತಂತಿ ಬಂದಿತ್ತು. "ಹೆಣ ಕಾಣ್ದೆ ಅದ್ಯಾವ ಸಾವ್ಲಾ?" ಎಂದು ರೇವಮ್ಮ ತಂತಿ ತಂದವನನ್ನೇ ಅಟ್ಟಿದ್ದಳು. ತಿಥಿಯಿಲ್ಲ, ಸೂತಕವಿಲ್ಲ. ಸೊಸೆ ಬಳೆ ತೊಟ್ಟು, ಹೂ ಮುಡಿದೇ ಇರಬೇಕು. ಗಂಡ ಇರುವವಳು ಅಳಬಾರದು. ಒಮ್ಮೆ ಬಾಯ್ಬಿಟ್ಟು ಅತ್ತರೆ ಸಾಕೆಂದು ಶಿವನಂಜಮ್ಮ ಕಾದಿದ್ದಳು. ಕಾದೂ ಕಾದೂ ಎದೆ ಮರಗಟ್ಟಿತ್ತು.

ಆ ಬೇಸಿಗೆ ಟೆಂಟಿನಲ್ಲಿ ಅತ್ತೆ ಸೊಸೆ ಮತ್ತೆ ಮತ್ತೆ ನೋಡುತ್ತಿದ್ದ ಚಿತ್ರದಲ್ಲಿ ಸರದಾರನೊಬ್ಬ ಕಾಳಗಕ್ಕೆ ಹೋಗಿ ಮರಳುವುದಿಲ್ಲ. ಬುದ್ಧಿ ಕೆಟ್ಟ ಅವನ ಹೆಂಡತಿ ಕಣ್ಣು ಮುಚ್ಚಿದರೆ ಮೋಡದ ಅರಮನೆ; ಅಲ್ಲಿ ಅವನು ಹಾಡುತ್ತ ಅವಳನ್ನು ಉಯ್ಯಾಲೆಯಲ್ಲಿ ತೂಗುತ್ತಾನೆ. ಆ ಹಾಡು ಮುಗಿದೊಡನೆ ರೇವಮ್ಮ, ತನ್ನ ಮಗನನ್ನೇ ಕಂಡವಳಂತೆ, ಸೆರಗು ಕೊಡವಿ ಏಳುತ್ತಿದ್ದಳು.

"ನಡಿ ಕೂಸೆ. ಚೆನ್ನಾಗವ್ನೆ."

ಮುಂದಿನ ರೀಲಿನಲ್ಲಿ ಸರದಾರನ ಹೆಣ ಬರುವುದು ಊರಿಗೆಲ್ಲ ಗೊತ್ತಿತ್ತು. ಅದನ್ನು ಕಂಡ ಹೆಂಗಸರು ಸಾವಿನ ಮನೆಯಿಂದ ಬಂದವರಂತೆ ಹೊರಗೇ ತಲೆಗೆ ನೀರು ಹುಯ್ದುಕೊಂಡು ಒಳಗೆ ಹೋಗುತ್ತಿದ್ದರು.

"ಅರ್ಧ ಆಟಕ್ಕೇ ಎದ್ ಬರೋಳು ನೀನೊಬ್ಳೆಯ ಅಕ್ಕಯ್ಯ," ಎಂದು ಅಂಕಯ್ಯ ಛೇಡಿಸುತ್ತಿದ್ದ.

"ನೀನು ಗೊರ್ಕೆ ಒಡಿಯಾಕೇಂತ ಟೆಂಟಿಗೆ ಬರಾಕಿಲ್ವಾ? ಗಾಡಿ ಕಟ್ಲಾ."

ಟೆಂಟು ಮಳವಳ್ಳಿಗೆ ಹೊರಡುವ ಹಿಂದಿನ ಸಂಜೆ. ಹಾಡು ಮುಗಿದು, ರೀಲು ಬದಲಿಸಲು ದೀಪ ಹತ್ತಿತು. ರೇವಮ್ಮ ಎದ್ದಳು. ಶಿವನಂಜಮ್ಮ ಏಳಲಿಲ್ಲ.

"ನೀವು ಗಾಡಿತಾವ ಇರಿ ಅತ್ತೆ. ನಾನು ಕೊನೆಗಂಟ ನೋಡ್ತೀನಿ."

"ಏನೈತೆ ಅದ್ರಲ್ಲಿ ನೋಡಾಕೆ?"

"ಅವ್ರು ಎಲ್ಲಿ ಬಿದ್ರು ಅಂತ."

ದೀಪ ಆರಿತು. ನಿಂತೇ ಇದ್ದ ರೇವಮ್ಮನ ನೆರಳು ತೆರೆಯ ಮೇಲೆ ದೊಡ್ಡದಾಗಿ ಬಿತ್ತು. "ಕುಂತ್ಕಳಮ್ಮೊ, ಏನೂ ಕಾಣಾಕಿಲ್ಲ," ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ಕುಸಿದು ಕೂತಳು. ತೆರೆಯ ಮೇಲೆ ದಂಡಿನವರು ಸರದಾರನನ್ನು ಹೆಗಲ ಮೇಲೆ ಹೊತ್ತು ತಂದರು. ಕತ್ತಲಲ್ಲಿ ಅತ್ತೆಯ ಕೈ ಸೊಸೆಯ ಬಳೆಗಳನ್ನು ತಡಕಿ ಹಿಡಿದುಕೊಂಡಿತು.

ಆಟ ಮುಗಿದು ಗಾಡಿ ಬೆಸಗರಹಳ್ಳಿ ಸೇರಿತು. ಮನೆಯ ಮುಂದೆ ಶಿವನಂಜಮ್ಮ ಹೊಸಿಲ ಕಡೆ ನಡೆದಾಗ ರೇವಮ್ಮ ತಡೆದಳು.

"ಒಳೀಕೆ ಓಗ್ಬ್ಯಾಡ. ತಾಳು, ನೀರು ತತ್ತೀನಿ."

ಹಿತ್ತಲಿನಿಂದ ಹಂಡೆ ತಂದು, ಮೊದಲ ಚೊಂಬನ್ನು ತನ್ನ ತಲೆಗೇ ಹುಯ್ದುಕೊಂಡಳು.

"ಬೊಂಬೆ ಸತ್ರೆ ನಮಗ್ಯಾವ ಸೂತ್ಕ ಅಕ್ಕಯ್ಯ?" ಎಂದ ಅಂಕಯ್ಯ, ನಗಲು ನೋಡಿ.

"ರುಮಾಲು ಬಿಚ್ಲಾ. ನಿಂಗೂ ಇದ್ದವ್ನು ಅವನೊಬ್ನೆ ಸೋದರಳಿಯ."

ಅಂಕಯ್ಯ ರುಮಾಲು ಬಿಚ್ಚಿ ತಲೆ ಬಗ್ಗಿಸಿದ.

ಆಮೇಲೆ ಸೊಸೆಯ ಸರದಿ. ತಣ್ಣನೆಯ ನೀರು ನೆತ್ತಿಗೆ ಬಿದ್ದಾಗ ಶಿವನಂಜಮ್ಮನ ಗಂಟಲಿನಿಂದ ಅವಳಿಗೇ ಗುರುತು ಸಿಗದ ದನಿಯೊಂದು ಹೊರಟಿತು. ಅಳಬೇಡವೆಂದು ರೇವಮ್ಮ ಹೇಳಲಿಲ್ಲ. ಹಂಡೆ ಬರಿದಾಗುವವರೆಗೂ ಹುಯ್ಯುತ್ತಲೇ ಇದ್ದಳು.